ಚುಕ್ಕಿ ಕೋಳಿಯ ಮಗು ಕೆರೆಗಿಳಿಯಿತು

ಹೂಂಗುಟ್ತೀರಾ? ಹೂಂ ಅನ್ನದಿದ್ರೆ ಹೇಳಲ್ಲ ನೋಡಿ!

ನಿಂಗಾಜಮ್ಮ ಚುಕ್ಕಿ ಕೋಳಿಯನ್ನು ಕಾವಿಗೆ ಕೂರಿಸಿದಳು. ಕೋಳಿಮೊಟ್ಟೆಗಳ ಜೊತೆ ಒಂದು ಬಾತುಮೊಟ್ಟೆನೂ ಇಟ್ಟಳು. ಚುಕ್ಕಿಗೆ ಹೇಳಲಿಲ್ಲ. ನೀವೂ ಹೇಳಬೇಡಿ!

ಮೊಟ್ಟೆ ಒಡೆದವು. ಮರಿ ಬಂದವು. ಒಂದಿನ ಅಗಲ ಕೊಕ್ಕಿನ ಮರಿ ಪುಟುಪುಟು ಓಡಿತು. ಕೆರೆಗೆ ಇಳಿಯಿತು. ಜೊಂಡುಹುಲ್ಲಿನೊಳಗೆ ಹೋಯಿತು. ಕಾಣಲೇ ಇಲ್ಲ!

"ಅಯ್ಯೋ, ನನ್ನ ಮಗು ಮುಳುಗಿತು!" ಚುಕ್ಕಿ ರೆಕ್ಕೆ ಬಡ್ಕೊಂಡು ಅತ್ತಳು.

"ಕೆರೆ, ಕೆರೆ, ನನ್ನ ಮಗು ಕೊಡು!"

"ತಾನಾಗಿ ಬಂದದ್ದು. ಕೊಡಲ್ಲ, ಹೋಗು."

ಚುಕ್ಕಿ ಎಮ್ಮೆ ಹತ್ರ ಓಡಿದಳು.

"ಕೆರೆ ಮಗು ಕೊಡಲ್ಲ. ಎಮ್ಮೆ, ಎಮ್ಮೆ, ಕೆರೆ ಕುಡಿ!"

"ಹೊಟ್ಟೆ ಒಡೆದು ಸಾಯಲಾ? ಕುಡಿಯಲ್ಲ, ಹೋಗು."

ಚುಕ್ಕಿ ಎಮ್ಮೆ ಕಾಯೋ ಮುದ್ದಯ್ಯನ ಹತ್ರ ಓಡಿದಳು.

"ಕೆರೆ ಮಗು ಕೊಡಲ್ಲ. ಎಮ್ಮೆ ಕೆರೆ ಕುಡಿಯಲ್ಲ. ಮುದ್ದಯ್ಯ, ಮುದ್ದಯ್ಯ, ಎಮ್ಮೆಗೆ ಹೊಡಿ!"

"ಹಾಲು ಕೊಡೋ ತಾಯಿಗಾ? ಹೊಡೆಯಲ್ಲ, ಹೋಗು."

ಇನ್ನು ಯಾರನ್ನ ಕೇಳೋದು? ಚುಕ್ಕಿ ಬೆಟ್ಟ ಹತ್ತಿದಳು. ಅಳ್ತಾ ಅಳ್ತಾ ಹತ್ತಿದಳು. ಕಾಲು ಸೋತವು. ತುದೀಲಿ ದೇವರು ಕೂತಿದ್ದ.

"ಕೆರೆ ಮಗು ಕೊಡಲ್ಲ. ಎಮ್ಮೆ ಕೆರೆ ಕುಡಿಯಲ್ಲ. ಮುದ್ದಯ್ಯ ಎಮ್ಮೆಗೆ ಹೊಡೆಯಲ್ಲ. ದೇವರೇ, ದೇವರೇ, ಮುದ್ದಯ್ಯನಿಗೆ ಹೇಳು!"

"ಹೇಳಲ್ಲ ಕಣವ್ವ," ಅಂದ ದೇವರು. "ನಿನ್ನ ಮಗೂಗೆ ಕೆರೆ ಬೇಕು."

ಕೋಳಿಮರಿಗೆ ಕೆರೆಯಾ? ಚುಕ್ಕಿಗೆ ಒಂಚೂರೂ ಅರ್ಥವಾಗಲಿಲ್ಲ. ದೇವರೂ ಕೈಬಿಟ್ಟನಲ್ಲಾ! ಅಲ್ಲೇ ಕುಸಿದಳು. ಅತ್ತಳು, ಅತ್ತಳು, ಅಳು ಬರದಷ್ಟು ಅತ್ತಳು.

ಆಮೇಲೆ ಮೆಲ್ಲಗೆ ಅಂದಳು, "ದಡದಿಂದ ನಂಗೆ ಬರೀ ಹುಲ್ಲು ಕಾಣುತ್ತೆ. ನಿಂಗೆ ಇಡೀ ಕೆರೆ ಕಾಣುತ್ತಲ್ಲ? ನೀನೇ ನೋಡ್ಕೊಳ್ಳಪ್ಪ."

ಚುಕ್ಕಿ ಬೆಟ್ಟ ಇಳಿದಳು.

"ಮುದ್ದಯ್ಯ, ಮುದ್ದಯ್ಯ, ಎಮ್ಮೆಗೆ ಹೊಡೆಯಬೇಡ. ಎಮ್ಮೆ, ಎಮ್ಮೆ, ಕೆರೆ ಕುಡಿಯಬೇಡ. ಕೆರೆ, ಕೆರೆ..."

ಚುಕ್ಕಿ ದಡದಲ್ಲಿ ನಿಂತು ಹುಲ್ಲನ್ನೇ ನೋಡಿದಳು.

"ಹಂಗೆ ಬಾ ದಾರಿಗೆ," ಅಂದ ಮುದ್ದಯ್ಯ. ಮುದ್ದಯ್ಯ ಎಮ್ಮೆಯನ್ನು ಮೈ ತೊಳೆಯೋಕೆ ಬಿಟ್ಟ. ಎಮ್ಮೆ ಕೆರೆಗೆ ಇಳಿಯಿತು. ಕೆರೆಯ ಜೊಂಡು ಸರಿಯಿತು. ಜೊಂಡಿನ ಸಂದಿಯಿಂದ, ಅಗೋ, ಅಗೋ, ಮಗು ತೇಲ್ಕೊಂಡು ಬಂತು!

ಚುಕ್ಕಿ ಒದ್ದೆ ಮಗುವನ್ನು ರೆಕ್ಕೆಯೊಳಗೆ ಎಳ್ಕೊಂಡಳು. ಚಳಿಗೆ ಮೈ ನಡುಗಿತು. ಬಿಡಲಿಲ್ಲ.

ಬೆಳಗಾಯ್ತು. ಮಗು ಮತ್ತೆ ಕೆರೆಗೆ ಓಡಿತು! ಈ ಸಲ ಚುಕ್ಕಿ ಎಮ್ಮೆ ಹತ್ರ ಓಡಲಿಲ್ಲ. ಮುದ್ದಯ್ಯನ ಹತ್ರ ಓಡಲಿಲ್ಲ. ಉಳಿದ ಮರಿಗಳನ್ನು ಕರ್ಕೊಂಡು ದಡದಲ್ಲಿ ಕೂತಳು. ಅಳ್ತಾ ಅಳ್ತಾನೇ ಕಾದಳು.