ಬಾವಿಕಟ್ಟೆಯ ಮೇಲೆ ನಿಂತವಳು

"ಗುರುಗಳೇ, ಮನಸ್ಸು ಕದಡಿದವರನ್ನು ಕಂಡು ಒಬ್ಬರು ದೆವ್ವ ಎನ್ನುತ್ತಾರೆ, ಒಬ್ಬರು ಪಿತ್ತ ಎನ್ನುತ್ತಾರೆ, ಇನ್ನೊಬ್ಬರು ಪೂರ್ವಜನ್ಮದ ಕರ್ಮ ಎನ್ನುತ್ತಾರೆ. ಯಾವುದನ್ನು ನಂಬಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಹುಟ್ಟಿದ ಹನ್ನೊಂದನೆಯ ದಿನವೇ ಅವನ ಮಗು ತೀರಿಕೊಂಡಿತು. ಅಂದಿನಿಂದ ಹೆಂಡತಿಗೆ ನಿದ್ದೆಯಿಲ್ಲ. ಹಗಲೆಲ್ಲ ಹಿತ್ತಲ ಬಾವಿಗೆ ಬಗ್ಗಿ ಯಾರೊಡನೆಯೋ ಮಾತನಾಡುತ್ತಿದ್ದಳು.

ಮಂತ್ರವಾದಿ ಬಂದು ದೆವ್ವದ ಕಾಟ ಎಂದ. ಆ ಕ್ಷಣದಿಂದ ಹೆಂಡತಿಯ ಕಣ್ಣಿನಲ್ಲಿ ನೇಕಾರನಿಗೆ ಬೇರೆ ಯಾರೋ ಕಾಣತೊಡಗಿದರು. ಹೆದರಿ, ಅವಳ ಕೈಗಳನ್ನು ಕಂಬಕ್ಕೆ ಕಟ್ಟಿದ. ವೈದ್ಯರು ಬಂದು ಪಿತ್ತ ತಲೆಗೇರಿದೆ ಎಂದರು. ಅವರ ಕಷಾಯದಿಂದ ಒಂದಿಷ್ಟು ನಿದ್ದೆ ಬಂತು. ನೇಕಾರ ಕಟ್ಟು ಬಿಚ್ಚಿದ. ಆದರೆ ಅವಳ ಕಣ್ಣಿನ ಹಳದಿಯನ್ನು ನೋಡಿದನೇ ಹೊರತು ಕಣ್ಣೀರನ್ನು ನೋಡಲಿಲ್ಲ. ಶಾಸ್ತ್ರಿಗಳು ಕರ್ಮ ಎಂದರು. ಅವನು ಅವಳಲ್ಲಿ ಪಾಪ ಹುಡುಕತೊಡಗಿದ.

ಒಂದು ಮಧ್ಯಾಹ್ನ ನೆರೆಯಾಕೆ ಕೂಗಿಕೊಂಡಳು. ನೇಕಾರ ಮಗ್ಗ ಬಿಟ್ಟು ಓಡಿದ. ಹೆಂಡತಿ ಬಾವಿಕಟ್ಟೆಯ ಮೇಲೆ ನಿಂತಿದ್ದಳು. ಊರೇ ನೆರೆಯಿತು, ಆ ಮೂವರೂ ಬಂದರು.

"ಹತ್ತಿರ ಹೋಗಬೇಡ, ನಿನ್ನನ್ನೂ ಎಳೆದುಕೊಳ್ಳುತ್ತದೆ!" ಎಂದ ಮಂತ್ರವಾದಿ. ತಲೆಗೆ ತಣ್ಣೀರು ಸುರಿಯಿರಿ ಎಂದರು ವೈದ್ಯರು. ಶಾಸ್ತ್ರಿಗಳು ಕಣ್ಣು ಮುಚ್ಚಿಕೊಂಡರು. ಅವಳ ಒಂದು ಪಾದ ಕಟ್ಟೆಯ ಅಂಚು ದಾಟಿತ್ತು.

ನೇಕಾರ ದೂರದಲ್ಲೇ ನಿಂತುಬಿಟ್ಟ. ಅಲ್ಲಿ ನಿಂತಿರುವುದು ದೆವ್ವವೋ, ರೋಗವೋ, ಪಾಪವೋ? ಆಗ ಅವಳ ಮಣಿಕಟ್ಟಿನಲ್ಲಿ ಹಗ್ಗದ ಗಾಯ ಕಂಡಿತು. ಕಟ್ಟಿದವನು ತಾನೇ. ಅವನು ಮೆಲ್ಲಗೆ ಹೋಗಿ ಕಟ್ಟೆಯ ಬಳಿ ಕುಳಿತ.

"ಏನು ಕೇಳಿಸುತ್ತಿದೆ ನಿನಗೆ?"

"ಮಗು ಅಳುತ್ತಿದೆ. ನಿಮಗೆ ಕೇಳಿಸುವುದಿಲ್ಲವೇ?"

"ಇಲ್ಲ. ಇಷ್ಟು ದಿನ ನೀನೊಬ್ಬಳೇ ಕೇಳಿಸಿಕೊಂಡೆ" ಎಂದು ಅವನು ಕೈ ಚಾಚಿದ.

ಅವಳು ಆ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹಿಡಿದುಕೊಂಡು ಕೆಳಗಿಳಿದಳು.

ಅಳು ಅಂದೇ ನಿಲ್ಲಲಿಲ್ಲ. ವೈದ್ಯರ ಕಷಾಯವನ್ನೂ ಅವಳು ಬಿಡಲಿಲ್ಲ. ಆದರೆ ಈಗ ಅಳು ಕೇಳಿಸಿದಾಗಲೆಲ್ಲ ಗಂಡನನ್ನು ಕರೆಯುತ್ತಿದ್ದಳು. ಅವನು ಮಗ್ಗ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂರುತ್ತಿದ್ದ.

ಗುರುಗಳು ಕಥೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಆ ರೋಗದ ಹೆಸರೇನು, ಗುರುಗಳೇ?"

"ಅವಳಿಗೂ ಒಂದು ಹೆಸರಿತ್ತು, ಮಗೂ."