ಗೆರೆಯಿಲ್ಲದ ಅಂಗೈ

“ಕೇಳಿರಪ್ಪೋ ಕೇಳಿ! ಬಿಳಿಗೋಟೆಯ ದೊರೆ ಮಲ್ಲರಸರ ಅಪ್ಪಣೆ! ಹೆಬ್ಬಾಗಿಲು ಹಿಡಿದು ಕೂತ ರಕ್ಕಸಿಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಅವಳ ಬಾಯಿಗೆ!”

ಡಂಗುರದವನು ಇದನ್ನು ಹೆಬ್ಬಾಗಿಲಿಗೆ ಬೆನ್ನು ಹಾಕಿ ಸಾರಿದ. ಅತ್ತ ತಿರುಗುವ ಎದೆ ಅವನಿಗಿರಲಿಲ್ಲ. ಕೋಟೆಗೋಡೆ ಬಿರುಕು ಬಿಟ್ಟ ದಿನ ಆ ಬಿರುಕಿನಿಂದಲೇ ಹೊರಬಂದ ರಕ್ಕಸಿ, ಮೈಯೆಲ್ಲ ಸುಣ್ಣವಾಗಿ, ಬಾಗಿಲಿಗೆ ಅಡ್ಡ ಕೂತಿದ್ದಳು. ಹೊರಗಿನ ಹೊಲಗಳಿಂದ ಒಂದು ಗಾಡಿ ಕಾಳೂ ಒಳಗೆ ಬರುವಂತಿರಲಿಲ್ಲ.

ಗುಂಪಿನಲ್ಲಿದ್ದ ಚಿಕ್ಕೀರಿಗೆ ರಕ್ಕಸಿಯ ಮೇಲೆ ಸಿಟ್ಟು ಬರಲಿಲ್ಲ. ಅವಳ ಸಿಟ್ಟೆಲ್ಲ ಪ್ರಧಾನಿ ನಾಗರಸಯ್ಯನಿಗೇ ಮೀಸಲಾಗಿತ್ತು.

ಆ ಊರಿನ ಪದ್ಧತಿ ಹೀಗಿತ್ತು. ಗೋಡೆಗೆ ಗಾರೆ ಮೆತ್ತಿ ಮುಗಿದ ದಿನ, ದುಡಿದವರು ಹಸಿ ಗಾರೆಯ ಮೇಲೆ ಅಂಗೈ ಒತ್ತಬೇಕು. ಅಂಗೈಯ ಅಚ್ಚು ಇದ್ದವರಿಗೆ ಅರಸನ ಕಣಜದಲ್ಲಿ ಪಾಲು. ಸುಣ್ಣ ಅರೆದು, ಬೆಲ್ಲದ ನೀರು ಬೆರೆಸಿ, ಕುಟ್ಟಿ ಹದ ಮಾಡುವವರು ಹೆಂಗಸರು. ಒತ್ತುವ ಅಂಗೈ ಮಾತ್ರ ಗಂಡಸರದು. ಹೆಂಗಸಿನ ಕೈ ಬಿದ್ದ ಗೋಡೆ ನಿಲ್ಲುವುದಿಲ್ಲ ಎಂದು ನಾಗರಸಯ್ಯನೇ ಕಟ್ಟಳೆ ಮಾಡಿದ್ದ. ಗೋಡೆಯ ಒಳಗೆಲ್ಲ ಅವರ ಕೈಯೇ ಇದೆ ಎಂಬುದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ.

ಗಂಡ ಸತ್ತ ಮೇಲೆ ಚಿಕ್ಕೀರಿಯ ಅವ್ವ ಗಿರಿಯವ್ವ ತಾನು ಗಾರೆ ಕುಟ್ಟಿದ್ದಕ್ಕೆ ಪಾಲು ಕೇಳಲು ಕಣಜದ ಬಾಗಿಲಿಗೆ ಹೋಗಿದ್ದಳು. “ಗೋಡೆಯ ಮೇಲೆ ನಿನ್ನ ಅಂಗೈ ಎಲ್ಲಿದೆ, ತೋರಿಸು” ಎಂದು ಪ್ರಧಾನಿ ನಕ್ಕ. ಅವಳು ಅಲ್ಲೇ ಕೂತುಬಿಟ್ಟಳು. ನೆರೆಯವರು ಗಂಜಿ ತಂದರೆ, “ಕರುಣೆ ಬ್ಯಾಡ ಕಣ್ರವ್ವಾ, ನನ್ನ ಪಾಲು ತನ್ನಿ” ಅಂದಳು. ಹಾಗೇ ಸತ್ತಳು. ಅವ್ವನ ಕಣ್ಣು ಮುಚ್ಚಿದ ಕೈಯನ್ನು ನೆಲಕ್ಕೆ ಬಡಿದು, ಪ್ರಧಾನಿಗೆ ಇದನ್ನು ತೀರಿಸದೆ ಬಿಡೆನೆಂದು ಚಿಕ್ಕೀರಿ ಆಣೆ ಇಟ್ಟಿದ್ದಳು.

ರಕ್ಕಸಿ ಒಗಟುಗಳನ್ನು ಬಹಿರಂಗವಾಗಿಯೇ ಹೇಳಿದ್ದಳು. “ಕೈಯಿದೆ, ಅಂಗೈಯಲ್ಲಿ ಗೆರೆಯಿಲ್ಲ. ಅದು ಯಾರ ಕೈ? ಎಲ್ಲರಿಗಿಂತ ಮೊದಲು ಏಳುತ್ತದೆ, ಎಲ್ಲರೂ ಮಲಗಿದ ಮೇಲೆ ಮಲಗುತ್ತದೆ, ಏನು ಮಾಡಿದೆ ಅಂದರೆ ಏನೂ ಇಲ್ಲ ಅನ್ನುತ್ತದೆ. ಅದು ಯಾವುದು? ತಲೆ ತಿಂದು ತಿಂದು ನನಗೆ ಬೇಸರ ಬಂತು, ಹೊಟ್ಟೆ ತುಂಬಲಿಲ್ಲ. ಏನು ತಿಂದರೆ ತುಂಬುತ್ತದೆ?”

ಅರಮನೆಯ ಜೋಯಿಸ ಮುಂದೆ ಬಂದ. “ಗೆರೆಯಿಲ್ಲದ ಅಂಗೈ ಹುಟ್ಟಿದ ಕೂಸಿನದು.”

“ಅಂಗೈ ನೋಡಿ ಅನ್ನ ತಿಂದವನೇ, ಒಂದು ಕೂಸನ್ನಾದರೂ ಎತ್ತಿಕೊಂಡಿದ್ದೀಯಾ?” ಎಂದು ರಕ್ಕಸಿ ಅವನನ್ನು ಮುಕ್ಕಿದಳು.

ಪ್ರಧಾನಿಯ ಅಳಿಯ ಎರಡನೆಯದಕ್ಕೆ ಕೈ ಹಾಕಿದ. “ಅದು ಹುಂಜ!”

“ಹುಂಜ ಏನೂ ಇಲ್ಲ ಅನ್ನುತ್ತದೆಯೇನೋ? ಎದ್ದದ್ದನ್ನೇ ಊರಿಗೆಲ್ಲ ಸಾರುವ ಜಾತಿ ಅದು!” ಅವನ ಪೇಟ ಮಾತ್ರ ಉಳಿಯಿತು.

ಮೂರನೆಯದಕ್ಕೆ ಉತ್ತರವೆಂದು ದಂಡನಾಯಕ ಕೊಬ್ಬಿದ ಕೋಣ ತಂದು ನಿಲ್ಲಿಸಿದ. ರಕ್ಕಸಿ ಕೋಣವನ್ನು ತಿಂದಳು, ಮೇಲೆ ಅವನನ್ನೂ ತಿಂದು, “ಇನ್ನೂ ಹಸಿವು” ಅಂದಳು.

ಆಗ ಚಿಕ್ಕೀರಿ ಮುಂದೆ ಬಂದಳು.

“ಲೇ ಹುಡುಗಿ, ಇದು ಒರಳುಕಲ್ಲಿನ ಹರಟೆಯಲ್ಲ” ಎಂದ ನಾಗರಸಯ್ಯ.

“ನಿಮ್ಮಳಿಯಂದು ಯಾವ ಕಲ್ಲಿನ ಹರಟೆ ಬುದ್ಧೀ?” ಎಂದು ಅವಳು ರಕ್ಕಸಿಯ ಕಡೆ ತಿರುಗಿದಳು. “ನಂಗೂ ಉತ್ತರ ಗೊತ್ತಿಲ್ಲ. ಸಂಜೆವರೆಗೂ ಬಿಡು, ಕೇಳ್ಕೊಂಡು ಬರ್ತೀನಿ. ತಪ್ಪಿದ್ರೆ ನನ್ನ ತಲೆ ಇಲ್ಲೇ ಇದೆ.”

ರಕ್ಕಸಿ ಅವಳನ್ನು ದಿಟ್ಟಿಸಿದಳು. “ಬಂದವರೆಲ್ಲ ಊಹಿಸಿದರು. ಕೇಳುತ್ತೀನಿ ಅಂದವಳು ನೀನೊಬ್ಬಳೇ. ಹೋಗು.”

ಚಿಕ್ಕೀರಿ ಮನೆಮನೆಗೆ ಹೋದಳು. ಮೊದಲ ಮನೆಯಲ್ಲಿ, “ಅಕ್ಕಾ, ನೀನೇನು ಮಾಡ್ತೀಯಾ?” ಎಂದು ಕೇಳಿದಳು.

“ಏನೂ ಇಲ್ಲ ಕಣವ್ವಾ, ಸುಮ್ನೆ ಮನೇಲಿರ್ತೀನಿ.” ಹಾಗೆನ್ನುವಾಗ ಆಕೆಯ ಒಂದು ಕೈ ರಾಗಿ ಬೀಸುತ್ತಿತ್ತು, ಒಂದು ಕಾಲು ತೊಟ್ಟಿಲ ಹಗ್ಗ ಎಳೆಯುತ್ತಿತ್ತು.

ಪಕ್ಕದ ಮನೆಯವಳು ನೂಲು ಸುತ್ತುತ್ತಲೇ ಅದನ್ನೇ ಅಂದಳು. ಸೌದೆ ಹೊತ್ತು ಎದುರಾದವಳೂ ಅದನ್ನೇ ಅಂದಳು. ಕೊನೆಗೆ ಗಾರೆ ಕುಟ್ಟುವ ಮುದುಕಿ ದ್ಯಾವಮ್ಮ, “ನಾವೇನು ಮಾಡ್ತೀವಿ ಬಿಡೇ, ಗಂಡಸ್ರ ಜೊತೆ ಒಸಿ ಕೈ ಹಾಕ್ತೀವಿ” ಎಂದು ಬೊಚ್ಚು ಬಾಯಲ್ಲಿ ನಕ್ಕಳು. ಚಿಕ್ಕೀರಿ ಆ ಕೈ ಹಿಡಿದು ತಿರುಗಿಸಿದಳು. ಅಂಗೈ ತೊಳೆದಿಟ್ಟ ತಟ್ಟೆಯಂತೆ ನುಣ್ಣಗಿತ್ತು. “ಸುಣ್ಣ ತಿಂದಾಕ್ತು ಕಣೇ. ನಿಮ್ಮವ್ವಂದೂ ಹಿಂಗೇ ಇರ್ಲಿಲ್ವಾ?”

ಚಿಕ್ಕೀರಿ ಬೀದಿಗಿಳಿದು ಹೆಂಗಸರನ್ನೆಲ್ಲ ಕೂಗಿದಳು. “ಎಲ್ಲಾ ಬನ್ನಿ, ಹಸಿ ಗಾರೆ ಹೊತ್ಕೊಂಡು ಬನ್ನಿ” ಅಂದಳು.

ಸಂಜೆ ಹೆಬ್ಬಾಗಿಲಲ್ಲಿ ಅರಸನ ಎದುರಿಗೇ ಅವಳು ಬಿಡಿಸಿ ಹೇಳಿದಳು. “ಗೆರೆಯಿಲ್ಲದ ಅಂಗೈ ಗಾರೆ ಕಲಸೋ ಹೆಣ್ಣಿಂದು. ಸುಣ್ಣ ಅವಳ ಗೆರೆ ತಿನ್ನುತ್ತೆ. ಮೊದಲೆದ್ದು ಕೊನೇಗೆ ಮಲಗಿ ಏನೂ ಇಲ್ಲ ಅನ್ನೋಳೂ ಅವಳೇ. ಮಾಡಿದ್ದನ್ನ ಕೆಲಸ ಅಂತ ಯಾರೂ ಕರೀಲಿಲ್ಲ, ಅವಳೂ ಕರೆಯೋದನ್ನ ಮರೆತಳು.”

“ಮೂರನೆಯದು?” ರಕ್ಕಸಿಯ ದನಿ ಈಗ ಅವ್ವನ ದನಿಯಂತೆ ಕೇಳಿಸಿತು.

“ನಿನ್ನ ಪಾಲು. ಕರುಣೆಗೆ ಇಟ್ಟ ಗಂಜಿಯಲ್ಲ, ಹೆದರಿ ಕೊಟ್ಟ ಕೋಣ ಅಲ್ಲ. ನಿನ್ನ ಹಕ್ಕಿನ ಪಾಲು ತಿಂದರೇನೇ ನಿನಗೆ ಹೊಟ್ಟೆ ತುಂಬೋದು.”

ಅವಳು ಬಿರುಕಿಗೆ ಹಸಿ ಗಾರೆ ಮೆತ್ತಿ ತನ್ನ ಅಂಗೈ ಒತ್ತಿದಳು. ದ್ಯಾವಮ್ಮ ಒತ್ತಿದಳು. ಹಿಂದೆಯೇ ಊರಿನ ಹೆಂಗಸರೆಲ್ಲ ಒತ್ತಿದರು. ಒಂದೊಂದು ಅಂಗೈ ಬಿದ್ದಂತೆ ರಕ್ಕಸಿ ಕರಗಿ ಗೋಡೆಯೊಳಗೆ ಇಳಿದಳು. ಬಿರುಕು ಮುಚ್ಚಿತು. ಗೋಡೆ ಬೀಳಲಿಲ್ಲ.

“ಏನು ಬೇಕು, ಕೇಳಮ್ಮ” ಎಂದ ಮಲ್ಲರಸ.

“ಪ್ರಧಾನಿ ಪೀಠ ಬೇಕು. ಪೀಠದಲ್ಲಿರೋರು ಕಟ್ಟಳೆ ಮಾಡೋ ಮುಂಚೆ ಮನೆಮನೆಗೆ ಹೋಗಿ ಕೇಳ್ಬೇಕು. ದುಡಿದ ಕೈಗೆಲ್ಲ ಕಣಜದಲ್ಲಿ ಪಾಲು ಸಿಗ್ಬೇಕು. ಮತ್ತೆ, ಈ ನಾಗರಸಯ್ಯನ ಕೈಗೆ ಗಾರೆ ಕೋಲು ಕೊಡಿ.”

ಕೊಟ್ಟರು. ಬಿಸಿಲು ಮಳೆ ನೋಡದೆ ಅವನು ಗಾರೆ ಕುಟ್ಟಿದ. ಒಂದು ದಿನ ಕಣಜದ ಬಾಗಿಲಿಗೆ ಬಂದು ಕೈ ಚಾಚಿದಾಗ, ಆ ಅಂಗೈಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.

“ಗೋಡೆ ಮೇಲೆ ನಿನ್ನ ಅಂಗೈ ಎಲ್ಲಿದೆ, ತೋರಿಸು” ಎಂದಳು ಪೀಠದ ಮೇಲಿದ್ದ ಚಿಕ್ಕೀರಿ. ಅವನ ಮುಖ ಬೂದಿಯಾಗುವುದನ್ನು ಸಾವಕಾಶವಾಗಿ, ಕಣ್ತುಂಬ ನೋಡಿದಳು. ಆಮೇಲೆ ಕಣಜದವನಿಗೆ ಹೇಳಿದಳು:

“ಅಳೆದು ಹಾಕು. ದುಡಿದಿದ್ದಾನೆ. ಹಸಿದು ಸತ್ತರೆ ಒಂದೇ ಸಲ ಸಾಯ್ತಾನೆ. ಬದುಕಿ, ಗಿರಿಯವ್ವನ ಮಗಳು ಮಾಡಿದ ಕಟ್ಟಳೆಯ ಅನ್ನ ದಿನಾ ಉಣ್ಣಲಿ.”