ಕೋಟೆಪೇಟೆಯ ಅರೆವಾಡೆ

ಕೋಟೆಪೇಟೆಯಲ್ಲಿ ಬಸ್ಸಿಳಿದವರಿಗೆ ಎದುರಿಗೇ ಕಾಣುವುದು, ನಡುವೆ ಸೀಳಿದಂತೆ ನಿಂತ ಒಂದು ಕಲ್ಲಿನ ಮನೆ. ಎಡಕ್ಕೆ ಕಮಾನು, ತೇಗದ ಕಂಬಗಳು, ಎರಡು ಅಂತಸ್ತಿನ ಪಡಸಾಲೆ ಎಲ್ಲವೂ ಇವೆ. ಬಲಭಾಗ ಇರಬೇಕಾದಲ್ಲಿ ಡಾಂಬರು ರಸ್ತೆ ಹಾಯ್ದಿದೆ. ಕಾಗದಪತ್ರಗಳಲ್ಲಿ ಇದು ದೇಸಾಯರ ವಾಡೆ. ಊರವರ ಬಾಯಲ್ಲಿ ಅರೆವಾಡೆ. ಆ ಹೆಸರು ಬಂದದ್ದು ಮಾಬುಸಾಬನೆಂಬ ಗೌಂಡಿಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಊರು ಇನ್ನೂ ಸಂಸ್ಥಾನದ ಆಳ್ವಿಕೆಯಲ್ಲಿದ್ದಾಗ, ಕೋಟೆಯಿಂದ ಊರಬಾಗಿಲಿಗೆ ನೇರ ದಾರಿಯಾಗಬೇಕೆಂದು ಅಪ್ಪಣೆಯಾಯಿತಂತೆ. ಅಳತೆಗೆ ಎಳೆದ ಹಗ್ಗ ವಾಡೆಯ ನಟ್ಟನಡುವೆ ಬಿತ್ತು. ಪೇಟೆಯ ಹಿರಿಯರು ಮೂರು ಸಲ ದಿವಾನರ ಮುಂದೆ ಕೈಮುಗಿದು ಬಂದರು. ಹಗ್ಗ ಒಂದು ಮೊಳವೂ ಸರಿಯಲಿಲ್ಲ. ಕೆಡವಲು ಹೊರಗಿನ ಆಳುಗಳು ಬರುತ್ತಾರೆಂಬ ಸುದ್ದಿ ಕೇಳಿ ಮಾಬುಸಾಬನಿಗೆ ಅನ್ನ ಸೇರದಾಯಿತು. ಆ ಮನೆ ಅವನ ತಂದೆ ಕಟ್ಟಿದ್ದು. ಅದರ ತೊಲೆಗಳು ಒಂದರೊಳಗೊಂದು ಕಚ್ಚಿಕೊಂಡಿದ್ದವು; ಒಂದು ಬದಿಗೆ ಗುದ್ದಿದರೆ ಇನ್ನೊಂದು ಬದಿಯೂ ಕುಸಿಯುವುದೆಂದು ಅವನಿಗೊಬ್ಬನಿಗೇ ಗೊತ್ತಿತ್ತು. ಮೂರನೆಯ ದಿನ ಅವನು ದೇಸಾಯಿಣಿ ನೀಲವ್ವನ ಎದುರು ತಲೆತಗ್ಗಿಸಿ ನಿಂತ.

"ಅವ್ವಾರ, ಒಡ್ಯಾಕ ನಾನೇ ಬರ್ತೀನ್ರಿ."

"ನಿಮ್ಮಪ್ಪ ಕಟ್ಟಿದ್ದನ್ನ ನೀ ಒಡೀತೀಯೇನೋ?"

"ಬ್ಯಾರೆಯವ್ರು ಗುದ್ದಿದ್ರ ಒಂದು ಕಲ್ಲೂ ಉಳಿಯಂಗಿಲ್ರಿ. ನಾ ಕೊಯ್ದ್ರ ಅರ್ಧ ನಿಲ್ತದ."

ನೀಲವ್ವ ಸೆರಗು ಮುಖಕ್ಕೊತ್ತಿಕೊಂಡು ಒಳಗೆ ಹೋದಳು. ಮಾಬುಸಾಬ ತೊಲೆತೊಲೆಗೂ ಆನಿಕೆ ಕೊಟ್ಟು, ಗರಗಸ ಹಿಡಿದು, ಒಂದು ತಿಂಗಳು ಆ ಮನೆಯನ್ನು ಕೊಯ್ದ. ದಾರಿಹೋಕರು ಅವನನ್ನು ಮನೆಮುರುಕನೆಂದು ಬೈದರು. ತಂದೆ ಕನ್ನಡಿಯಂತೆ ತಿಕ್ಕಿದ್ದ ಗಾರೆಯ ಗೋಡೆ ಬಂದಾಗ ಸುತ್ತಿಗೆ ಕೆಳಗಿಟ್ಟು ಅತ್ತನಂತೆ. ಅತ್ತು, ಮತ್ತೆ ಎತ್ತಿಕೊಂಡ. ಕಡೆಗೆ ಅರ್ಧ ಮನೆ ಅಲುಗದೆ ನಿಂತಿತು. ಕೊಯ್ದ ಗೋಡೆಗೆ ಸುಣ್ಣಗಾರೆ ಬಳಿಯಲು ಹೋದವನನ್ನು ನೀಲವ್ವ ತಡೆದಳು.

"ಮುಚ್ಚಬ್ಯಾಡ. ಕಾಣ್ಲಿ."

ಆಮೇಲೆ ಅವನು ಸಾಯುವತನಕ ಆ ಬೀದಿಗೆ ಕಾಲಿಡಲಿಲ್ಲ ಎನ್ನುತ್ತಾರೆ.

ಆ ಗೋಡೆ ಇಂದಿಗೂ ಬೆತ್ತಲೆಯಾಗಿಯೇ ಇದೆ. ನೋಡಬಂದವರು ಅದರ ಕಲ್ಲುಗಳ ಮೇಲೆ ಕೈಯಾಡಿಸಿ, ಎಲ್ಲಿಯೂ ಬಿರುಕಿಲ್ಲವಲ್ಲ ಎಂದು ಬೆರಗಾಗುತ್ತಾರೆ. ಬಾಗಿಲಿಗೆ 'ನಗರದ ಪಾರಂಪರಿಕ ಕಟ್ಟಡ' ಎಂಬ ಫಲಕ ಜಡಿದಿದ್ದಾರೆ. ಹೋದ ವರ್ಷ ರಸ್ತೆ ಅಗಲೀಕರಣದವರು ಬಂದು ಒಳಗಿನ ಮೂರನೆಯ ಕಂಬಕ್ಕೆ ಕೆಂಪು ಬಣ್ಣದ ಗೆರೆ ಎಳೆದು ಹೋದರು. ಅದೇನೆಂದು ಕೇಳಿದವರಿಗೆ ಕಾವಲುಗಾರ ಹೇಳುತ್ತಾನೆ: "ಅಲ್ಲೀತನಕ ಹೋಗತದಂತ್ರಿ. ಕೊಯ್ಯಾಕ ಈಗ ಅಂಥಾ ಗೌಂಡಿನೂ ಇಲ್ಲ."